ಎಣ್ಣೆ ಸವರಿದ ತೊಗರಿ

ಮೊಮ್ಮಕ್ಕಳೇ, ಗೌರೀ, ಬಸವಾ,

ಮೊನ್ನೆ ನೀವಿಬ್ಬರೂ ಅಂಗಳದ ಬೇವಿನ ಎಲೆ ಕಿತ್ತು ತಂದು ಹಾಗೆಯೇ ಬೇಳೆ ಡಬ್ಬಿಗೆ ಹಾಕಿದಿರಿ. ನಾನು ಓಡಿಬಂದು ತೆಗೆದೆ. ಆ ಹಸಿ ಎಲೆಯ ಕಹಿ ವಾಸನೆ ಮೂಗಿಗೆ ಬಡಿದದ್ದೇ, ಗಾಣದಕ್ಕ ಎದುರಿಗೆ ಬಂದು ನಿಂತಂತಾಯಿತು…

ನಾನು ಮದುವೆಯಾಗಿ ಕೋಸಗಿ ಹತ್ತಿರದ ಈ ಊರಿಗೆ ಬಂದ ವರ್ಷ ಅದು. ಯುದ್ಧದ ಕಾಲ. ಆದೋನಿ ಪೇಟೆಗೆ ಹೋದರೂ ಒಳ್ಳೆಯ ಬಿತ್ತನೆ ಕಾಳು ಸಿಗುವುದು ಕಷ್ಟವಾಗಿತ್ತು. ಬಿತ್ತಲು ಎತ್ತಿಟ್ಟ ತೊಗರಿಯ ಗಡಿಗೆಯನ್ನು ಮಾವನವರು ನನಗೆ ಒಪ್ಪಿಸಿದರು. ಅದಕ್ಕೆ ಹುಳ ಬಿದ್ದರೆ ಮುಂಗಾರಿಗೆ ಹೊಲ ಬೀಳು. ನನಗೋ ಹೊಸ ಸೊಸೆಯ ಅವಸರ. ತವರಿನಲ್ಲಿ ಕಂಡಂತೆ ಬೇವಿನ ಎಲೆ ಬೆರೆಸಿ ಗಡಿಗೆಯ ಬಾಯಿ ಕಟ್ಟಿದೆ. ಎಲೆಯನ್ನು ಮೊದಲು ನೆರಳಿನಲ್ಲಿ ಒಣಗಿಸಬೇಕೆಂಬುದು ತಿಳಿದಿರಲಿಲ್ಲ.

ಪಕ್ಕದ ಮನೆಯಲ್ಲಿ ಎಣ್ಣೆಗಾಣ ನಡೆಸುತ್ತಿದ್ದವಳನ್ನು ಊರೆಲ್ಲ ಗಾಣದಕ್ಕ ಎನ್ನುತ್ತಿತ್ತು. ಎಂಟು ದಿನದ ಮೇಲೆ ಬಂದವಳು ಗಡಿಗೆಯೊಳಗೆ ಕೈಯಿಟ್ಟು ನಕ್ಕಳು.

"ಏನವ್ವಾ, ಕಾಳಿಗೆ ಜ್ವರ ಬರಿಸೀಯಲ್ಲ! ಕೈ ಹಾಕಿ ನೋಡು, ಹೆಂಗ ಸುಡತೈತಿ."

ನನಗೆ ಅಳು ಬಂತು. ಆಕೆ ಬೈಯಲಿಲ್ಲ. ಕಾಳನ್ನೆಲ್ಲ ಬಿಸಿಲಿಗೆ ಹರವಿಸಿದಳು, ಹಸಿ ಎಲೆಯ ತೇವಕ್ಕೆ ಬೂಸ್ಟು ಹಿಡಿದದ್ದನ್ನು ಆರಿಸಿ ಎಸೆದಳು. ಚೆನ್ನಾಗಿ ಒಣಗಿ ಆರಿದ ಮೇಲೆ ತನ್ನ ಮನೆಯ ಹರಳೆಣ್ಣೆ ತಂದು, ಅಂಗೈಗೆ ಹಚ್ಚಿಕೊಂಡು ಕಾಳಿಗೆ ಸವರತೊಡಗಿದಳು.

"ಕಾಳು ಮಿಂಚಬೇಕು, ಎಣ್ಣಿ ಸೋರಬಾರದು. ಹುಳ ತತ್ತಿ ಇಡಾಕ ಬಂದ್ರ ಕಾಲು ಜಾರಬೇಕು."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇದೇನ ಬಿತ್ತಾಕೋ, ವಗ್ಗರಣಿಗೋ? ಎಣ್ಣಿ ಕುಡದ ಕಾಳು ಮೊಳೀತಾವೇನ?" ಎಂದರು.

"ನಾಕು ದಿನ ತಡೀರಿ ಅಕ್ಕಾ. ಮೊಳೀಲಿಲ್ಲಂದ್ರ ನನ್ನ ಗಾಣಕ್ಕ ಎತ್ತಿನ ಬದಲಿ ನನ್ನ ಕಟ್ರಿ!"

ಸವರಿದ ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. ನಾಲ್ಕನೆಯ ದಿನ ಬಿಚ್ಚಿದರೆ ಬೆಳ್ಳಗೆ ಮೊಳಕೆ!

ಮುಂಗಾರಿಗೆ ಗಡಿಗೆ ತೆರೆದಾಗ ಒಂದು ಕಾಳಿಗೂ ತೂತಿರಲಿಲ್ಲ. ಎಷ್ಟೋ ಮನೆಗಳ ಬೀಜ ಹುಳ ತಿಂದು ಹಿಟ್ಟಾಗಿತ್ತು. ಅವರೆಲ್ಲ ಬೀಜ ಕೇಳಲು ನಮ್ಮ ಅಂಗಳಕ್ಕೆ ಬಂದರು.

"ಯಾರ ಕೈ ಇದು?" ಎಂದರು ಮಾವನವರು.

"ನಿಮ್ಮ ಸೊಸಿ ಕೈರಿ," ಎಂದಳು ಗಾಣದಕ್ಕ, ನನ್ನತ್ತ ನೋಡದೆ.

ನಾನು ಬಾಗಿಲ ಹಿಂದಿದ್ದೆ. ಅಲ್ಲ, ಆಕೆಯ ಕೈ ಎನ್ನಬೇಕೆಂದುಕೊಂಡೆ… ಮಾವನವರ ಎದುರು ಎಂದೂ ಬಾಯಿ ತೆರೆದವಳಲ್ಲ, ಅಂದೂ ತೆರೆಯಲಿಲ್ಲ.

ಈಗ ಆ ಗಾಣವೂ ಇಲ್ಲ, ಆಕೆಯೂ ಇಲ್ಲ. ಆಮೇಲೆ ಎಷ್ಟು ಮನೆಗಳ ಕಾಳಿಗೆ ಎಣ್ಣೆ ಸವರಿದೆನೋ! ಜನ ಇಂದಿಗೂ ಅದನ್ನು ನನ್ನ ವಿದ್ಯೆ ಎನ್ನುತ್ತಾರೆ. ಕೇಳಿದಾಗಲೆಲ್ಲ ಹೆಮ್ಮೆಯೇ ಆಗುತ್ತದೆ, ಆದರೆ ಆಕೆಯ ಮೇಲೆ. ಅಂದು ನುಂಗಿದ ಮಾತನ್ನು ಇಲ್ಲಿ ಬರೆದಿದ್ದೇನೆ: ಅದು ಗಾಣದಕ್ಕನ ಕೈ. ಮಕ್ಕಳೇ, ಈ ಹಾಳೆಗಳಿಗೆ ಹುಳ ಹತ್ತದಂತೆ ನಡುವೆ ಬೇವಿನ ಎಲೆಯಿಟ್ಟು ಜೋಪಾನ ಮಾಡಿ. ಒಣಗಿಸಿದ ಎಲೆ.