ಕೂಗು ಬಿಟ್ಟುಕೊಟ್ಟ ಅಪ್ಪ

ತರೀಕೆರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು ಸಮುದ್ರ ಕಂಡವಳೇ ಅಲ್ಲ. ಆದರೂ ಜೆಲ್ಲಿಮೀನು ಹೇಗೆ ಈಜುತ್ತದೆ ಎಂದು ಯಾರಾದರೂ ಕೇಳಿದರೆ ಪಟಪಟನೆ ಒಪ್ಪಿಸುತ್ತಿದ್ದೆ. ಎಪ್ಪತ್ತರ ದಶಕದ ಕೊನೆ. ಮನೆಯಲ್ಲಿ ಮೊದಲು ಓದಿದವಳೆಂಬ ಜಂಬ ಬೇರೆ.

ಅಪ್ಪ ಅಜ್ಜಂಪುರದ ಸುತ್ತಮುತ್ತ ಕರೆಂಟ್ ಕಂಬ ನೆಡುವ ಗುಂಪಿನಲ್ಲಿದ್ದರು. ಕಂಬ ಎತ್ತುವಾಗ ಒಬ್ಬರು ‘ಐಸಾ’ ಎಂದು ಕೂಗಬೇಕು, ಎಂಟೂ ಜನರ ಕೈ ಒಟ್ಟಿಗೆ ಏಳಬೇಕು. ಹತ್ತಾರು ವರ್ಷ ಆ ಕೂಗು ಅಪ್ಪನದೇ. ಗುಂಪಿನಲ್ಲಿ ಅವರಿಗಿದ್ದ ಮರ್ಯಾದೆಯೂ ಅದರಿಂದಲೇ. ಆ ವರ್ಷ ಉಬ್ಬಸ ಹಿಡಿದು ಕೂಗು ತಡವಾಗತೊಡಗಿತು. ಮೇಸ್ತ್ರಿ ಬೇರೊಬ್ಬನಿಗೆ ಕೂಗಲು ಹೇಳಿದ. ಅವನು ಕೂಗಿದ ಮೇಲೆ ಅಪ್ಪನೂ ರೂಢಿಯಂತೆ ಕೂಗಿಬಿಟ್ಟರು. ಅರ್ಧ ಜನ ಆ ಕೂಗಿಗೆ, ಅರ್ಧ ಜನ ಈ ಕೂಗಿಗೆ ಎತ್ತಿ, ಕಂಬ ಒಬ್ಬನ ಪಾದದ ಪಕ್ಕಕ್ಕೇ ಬಿತ್ತು. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರಬೇಡ ಎಂದ ಮೇಸ್ತ್ರಿ.

ಆ ಭಾನುವಾರ ನಾನು ಜೆಲ್ಲಿಮೀನಿನ ಪಾಠ ಗಟ್ಟಿಯಾಗಿ ಓದುತ್ತಿದ್ದಾಗ ಅಪ್ಪ ಏನದು ಎಂದು ಕೇಳಿದರು. ವಿವರಿಸಿದೆ. ಮೆದುಳಿಲ್ಲದ ಪ್ರಾಣಿ, ಕೊಡೆಯಂಥ ಮೈ, ಅಂಚಿನಲ್ಲಿ ಎಂಟು ನರದ ಗಂಟು. ಯಾವ ಗಂಟು ಮೊದಲು ಸೂಚನೆ ಕೊಡುತ್ತದೋ ಅದರ ಸೂಚನೆ ನರಗಳ ಬಲೆಯಲ್ಲಿ ಹರಡಿ, ಮೈಯೆಲ್ಲ ಒಮ್ಮೆಗೇ ಮುದುಡಿ, ನೀರನ್ನು ತಳ್ಳಿ ಪ್ರಾಣಿ ಮುಂದೆ ಹೋಗುತ್ತದೆ. ಉಳಿದ ಗಂಟುಗಳು ಆ ಸಲಕ್ಕೆ ಸುಮ್ಮನಾಗುತ್ತವೆ.

ನಮ್ಮಂಗೇ ಎಂಟು ಎಂದು ಅಪ್ಪ ನಕ್ಕರು. ಆಮೇಲೆ ಕೇಳಿದರು, “ಒಂದು ಗಂಟು ನಿಧಾನ ಆಯ್ತು ಅಂತಿಟ್ಕೋ. ಆಗ?”

“ಬೇರೇದು ಮುಂದಾಗುತ್ತೆ ಕಣಪ್ಪ.”

“ನಿಧಾನ ಆಗಿದ್ದನ್ನ ತೆಗೆದುಹಾಕ್ತಾರಾ?”

“ಯಾರು ತೆಗೀತಾರೆ? ಅದೂ ಅಲ್ಲೇ ಇರುತ್ತೆ, ಸುಮ್ನೆ.”

ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದ್ದೆ. ನನ್ನ ಯೋಚನೆಯೆಲ್ಲ ಪರೀಕ್ಷೆಯದು.

ಮುಂದಿನ ರಜೆಯಲ್ಲಿ ಬುತ್ತಿ ಕೊಡಲು ಕಂಬ ನೆಡುವಲ್ಲಿಗೆ ಹೋದೆ. ಕೂಗುವ ಹೊಸಬ ‘ಐಸಾ’ ಎಂದ. ಅಪ್ಪನ ಕತ್ತಿನ ನರ ಉಬ್ಬಿ ಬಾಯಿ ತೆರೆಯಿತು. ಮರುಕ್ಷಣವೇ ತುಟಿ ಕಚ್ಚಿ ಹಿಡಿದು ಎಲ್ಲರ ಜೊತೆ ಎತ್ತಿದರು. ಕಂಬ ನೆಟ್ಟಗೆ ಗುಂಡಿಯಲ್ಲಿ ಕೂತಿತು. ಮೇಸ್ತ್ರಿ ಮುಂದಿನ ಗುಂಡಿಯತ್ತ ನಡೆದ.

ಬುತ್ತಿ ಇಸಿದುಕೊಳ್ಳುತ್ತಾ ಅಪ್ಪ ಮೆಲ್ಲಗೆ ಹೇಳಿದರು, “ನೀನು ಹೇಳ್ದಂಗೇ ಸುಮ್ನಿದ್ದೆ ಕಣವ್ವ.”

ನಾನು ಪಾಠ ಒಪ್ಪಿಸಿದ್ದೆ, ಅಷ್ಟೆ. ಅಪ್ಪನ ಕೆಲಸ ಉಳಿಯಿತೆಂದು ಸಂತೋಷಪಡಬೇಕಿತ್ತು. ಆದರೆ ಅವರ ತುಟಿಯ ಮೇಲೆ ಹಲ್ಲಿನ ಗುರುತು ಕಂಡು ಅಳು ಒತ್ತರಿಸಿ ಬಂತು.