ಚಿಕ್ಕಮ್ಮನ ಹೇಳಿಕೆ

ವಕೀಲೆಯ ಮೊದಲ ಪ್ರಶ್ನೆಗೇ ನನಗೆ ಮೈ ಉರಿದುಹೋಯಿತು. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಬೇಕು ಅಂತ ಹೇಳಿ ನಾನಿನ್ನೂ ಬಾಯಿ ಮುಚ್ಚಿರಲಿಲ್ಲ, ವಿಡಿಯೊ ಕಾಲ್‌ನ ಆ ಕಡೆಯಿಂದ ಆಕೆ, ಯಾವ ಅಪ್ಪ ಅಮ್ಮನಿಗೆ ಅಂತ ಕೇಳಿದರು. ನನಗೇನು ಡಜನ್‌ಗಟ್ಟಲೆ ಅಪ್ಪ ಅಮ್ಮಂದಿರಿದ್ದಾರಾ? ಹಾಗಂತ ಕೇಳಿಯೂಬಿಡುತ್ತಿದ್ದೆ. ಆದರೆ ಅವರ ಕೈಯಲ್ಲಿದ್ದದ್ದು ನಾನೇ ಕಳಿಸಿದ್ದ ಬರ್ತ್ ಸರ್ಟಿಫಿಕೇಟು. ಅದರಲ್ಲಿ ಇದ್ದದ್ದು ನನ್ನ ಚಿಕ್ಕಮ್ಮ ಚಿಕ್ಕಪ್ಪನ ಹೆಸರು.

ಇದು ನಮ್ಮ ಮನೆಯಲ್ಲಿ ಯಾರಿಗೂ ಗುಟ್ಟಲ್ಲ. ನನ್ನನ್ನು ಹೆತ್ತವಳು ಅಮ್ಮನ ಸ್ವಂತ ತಂಗಿ. ಅಮ್ಮನಿಗೆ ಮಕ್ಕಳಾಗಲಿಲ್ಲ, ಇನ್ನು ಆಗೋದೂ ಇಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ನನಗಿನ್ನೂ ವರ್ಷ ತುಂಬುವ ಮೊದಲೇ ಮೈಸೂರಿನಲ್ಲಿ ಅಜ್ಜಿ ಪುರೋಹಿತರನ್ನು ಕರೆಸಿ, ಅಕ್ಕ ತಂಗಿಯರಿಬ್ಬರನ್ನೂ ಗಂಡಂದಿರ ಸಮೇತ ಮಣೆ ಮೇಲೆ ಕೂರಿಸಿ, ನನ್ನನ್ನು ಒಂದು ಮಡಿಲಿಂದ ಇನ್ನೊಂದು ಮಡಿಲಿಗೆ ಹಾಕಿಸಿದರು. ಒಂದು ಫೋಟೊ ಇಲ್ಲ, ಮಗುವಿಗೆ ದೃಷ್ಟಿಯಾಗುತ್ತೆ ಅಂತ. ಒಂದು ಕಾಗದ ಇಲ್ಲ, ಅಕ್ಕ ತಂಗಿ ನಡುವೆ ಎಂಥಾ ಕಾಗದ ಅಂತ. ಅವತ್ತು ಹೋಳಿಗೆ ಮಾಡಿದ್ದರಂತೆ, ಅದು ಮಾತ್ರ ಎಲ್ಲರಿಗೂ ಚೆನ್ನಾಗಿ ನೆನಪಿದೆ. ಆಮೇಲೆ ಸ್ಕೂಲಿಗೆ ಸೇರಿಸುವಾಗ ಅಪ್ಪ ತಮ್ಮ ಹೆಸರು ಬರೆಸಿದರು, ಅಲ್ಲಿಂದ ಪಾಸ್‌ಪೋರ್ಟಿನವರೆಗೂ ಅದೇ ನಡೆದುಕೊಂಡು ಬಂತು.

ನನಗಂತೂ ಇದರಲ್ಲಿ ಗೊಂದಲವೇ ಇರಲಿಲ್ಲ. ಸೀರೆ ಎತ್ತಿಕಟ್ಟಿಕೊಂಡು ನನ್ನ ಸೈಕಲ್ ಹಿಂದೆ ಓಡಿದವಳು ಅಮ್ಮ. ಹುಡುಗಿಗೆ ಮೆಕ್ಯಾನಿಕಲ್ ಯಾಕೆ ಅಂತ ನೆಂಟರೆಲ್ಲ ಮೂಗು ಮುರಿದಾಗ ಅವರ ಜೊತೆ ಜಗಳಕ್ಕೆ ನಿಂತವಳೂ ಅವಳೇ. ಅವಳು ಆಡಿದ ಜಗಳದಿಂದಲೇ ನಾನು ಇವತ್ತು ಡೆಟ್ರಾಯ್ಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಕಾರುಗಳ ಬ್ರೇಕು ನೋಡಿಕೊಂಡು ಹೊಟ್ಟೆ ಹೊರೆಯುತ್ತಿರೋದು. ಚಿಕ್ಕಮ್ಮ ಅಂದರೆ ಹಬ್ಬಕ್ಕೆ ಬರುವವಳು, ಬಂದಾಗ ನನ್ನ ತಲೆ ಬಾಚಲು ಹಠ ಮಾಡುವವಳು, ಅಷ್ಟೇ.

ಅಪ್ಪನಿಗೆ ಪಾರ್ಕಿನ್ಸನ್ ಅಂತ ಗೊತ್ತಾದ ಮೇಲೆ ಎಲ್ಲ ಬದಲಾಯಿತು. ಅಲ್ಲಿಯವರೆಗೆ ಅವರಿಬ್ಬರೂ ವಿಸಿಟರ್ ವೀಸಾದಲ್ಲಿ ಬರೋರು, ಆರು ತಿಂಗಳು ಇರೋರು, ಉಪ್ಪಿನಕಾಯಿ ಹಾಕಿಟ್ಟು ಹೋಗೋರು. ಆ ವರ್ಷ ಮೈಸೂರಿಗೆ ವಾಪಸ್ ಹೋದ ಮೇಲೆ ಅಪ್ಪ ಬಚ್ಚಲಮನೆಯಲ್ಲಿ ಬಿದ್ದರು. ಅವರನ್ನು ಎತ್ತೋಕೆ ಅಮ್ಮನ ಕೈಲಾಗದೆ ಕೆಳಗಿಳಿದು ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್‌ನ ಕರೆದುಕೊಂಡು ಬಂದಳಂತೆ. ಅದನ್ನು ನನಗೆ ಹೇಳಿದ್ದು ಒಂದು ವಾರ ಬಿಟ್ಟು, ಅದೂ ನಗುನಗುತ್ತಾ. ಫೋನ್ ಇಟ್ಟ ಮೇಲೆ ನಾನು ಅತ್ತೆ. ಅತ್ತು ಮುಖ ತೊಳೆದುಕೊಂಡು, ಇನ್ನು ಈ ಬರೋದು ಹೋಗೋದು ಸಾಕು, ಇವರು ನನ್ನ ಮನೆಯಲ್ಲೇ ಇರಬೇಕು ಅಂತ ತೀರ್ಮಾನ ಮಾಡಿದೆ. ನಾನು ಸಿಟಿಜನ್, ತಂದೆ ತಾಯಿಯನ್ನು ಕರೆಸಿಕೊಳ್ಳೋ ಹಕ್ಕು ನನಗಿದೆ. ಅಷ್ಟು ಸುಲಭ ಅಂದುಕೊಂಡಿದ್ದೆ.

ಡೆಟ್ರಾಯ್ಟ್ ಕಡೆಯ ವಕೀಲರೊಬ್ಬರು ಫೋನಿನಲ್ಲೇ ಕೈಚೆಲ್ಲಿದರು. ಇನ್ನೊಬ್ಬರು, ಬರ್ತ್ ಸರ್ಟಿಫಿಕೇಟಿನಲ್ಲಿ ಇರುವವರನ್ನೇ ಸ್ಪಾನ್ಸರ್ ಮಾಡಿ ಅಂದರು. ಸಂಸಾರ ಅನ್ನೋದನ್ನ ಕಂಡಿದ್ದಾನೋ ಇಲ್ಲವೋ ಈ ಪುಣ್ಯಾತ್ಮ ಅನ್ನಿಸಿತು. ಚಿಕ್ಕಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಚಿಕ್ಕಮ್ಮನಿಗೆ ಅವಳ ಮಗ ಆಗಲೇ ಗ್ರೀನ್ ಕಾರ್ಡ್ ಮಾಡಿಸಿ, ನನ್ನಿಂದ ಐದು ಗಂಟೆ ದಾರಿಯ ಪ್ಲೇನ್‌ಫೀಲ್ಡ್‌ನ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ಅವನು ನನಗಿಂತ ಚಿಕ್ಕವನು, ಹುಟ್ಟಿನ ಲೆಕ್ಕದಲ್ಲಿ ನನ್ನ ಸ್ವಂತ ತಮ್ಮ. ಅವನ ಊರಿನ ಪಕ್ಕದ ನೇಪರ್‌ವಿಲ್‌ನ ಈ ವಕೀಲೆಯನ್ನು ಹುಡುಕಿಕೊಟ್ಟವನೂ ಅವನೇ.

ಆ ವಿಡಿಯೊ ಕಾಲ್‌ನಲ್ಲಿ ಆಕೆ ನನ್ನ ಕೋಪ ಇಳಿದ ಮೇಲೆ ವಿವರಿಸಿದರು. ನಮ್ಮಲ್ಲಿ ಶಾಸ್ತ್ರ ಮಾಡಿ ದತ್ತು ಕೊಡುವ ಪದ್ಧತಿಯನ್ನು ಇಲ್ಲಿನ ಕಾನೂನೂ ಒಪ್ಪುತ್ತದಂತೆ. ಆದರೆ ಕೊಟ್ಟದ್ದು ನಿಜವಾಗಿ ನಡೆದಿರಬೇಕು, ಇನ್ನು ಈ ಮಗು ನಿಮ್ಮದೇ ಅನ್ನೋ ಮನಸ್ಸಿನಿಂದ ಕೊಟ್ಟಿರಬೇಕು. ಬೆಳೆಸಲು ನೆಂಟರ ಮನೆಯಲ್ಲಿ ಬಿಟ್ಟಿದ್ದು ಲೆಕ್ಕಕ್ಕೆ ಬರೋದಿಲ್ಲ. ಪುರೋಹಿತರೂ ಇಲ್ಲ, ಅಜ್ಜಿಯೂ ಇಲ್ಲ. ಉಳಿದಿರೋದು ಕೊಟ್ಟವಳು, ತೆಗೆದುಕೊಂಡವರು. ಮುಂದೆ ಮೈಸೂರಿನ ಕೋರ್ಟಿನಲ್ಲೂ ಕೆಲಸ ಇದೆ, ಮೊದಲು ಕೊಟ್ಟ ತಾಯಿ ತನ್ನ ಬಾಯಿಂದಲೇ ಪ್ರಮಾಣ ಮಾಡಿ ಹೇಳಲಿ ಅಂದರು. ಏನು ಹೇಳಬೇಕು ಅಂತ ಅವರಿಗೆ ಒಂದು ಮಾತೂ ಹೇಳಿಕೊಡಬೇಡಿ, ಸುಳ್ಳಾದರೆ ನಿಮ್ಮ ಜೊತೆ ಅವರೂ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತಲೂ ಎಚ್ಚರಿಸಿದರು.

ಅಪ್ಪ ಅಮ್ಮ ಆಗ ಮತ್ತೆ ಬಂದು ನನ್ನ ಮನೆಯಲ್ಲೇ ಇದ್ದರು, ವಾಪಸ್ ಹೋಗುವ ಟಿಕೆಟ್ಟೂ ಬುಕ್ ಆಗಿತ್ತು. ಒಂದು ಭಾನುವಾರ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಪ್ಲೇನ್‌ಫೀಲ್ಡ್‌ಗೆ ಹೊರಟೆ. ಅಪ್ಪ ಮುಂದೆ ಕೂತು ಪ್ರತಿ ಎಕ್ಸಿಟ್ಟಿನ ನಂಬರನ್ನೂ ಓದುತ್ತಾ ಬಂದರು, ಜಿಪಿಎಸ್ ಮೇಲೆ ಅವರಿಗೆ ಕವಡೆಕಾಸಿನ ನಂಬಿಕೆಯಿಲ್ಲ. ಯಾವಾಗಲೂ ದಾರಿಯುದ್ದಕ್ಕೂ ಮಾತಾಡುವ ಅಮ್ಮ ಹಿಂದಿನ ಸೀಟಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಕ್ಯಾಲಮಜೂ ದಾಟಿ ರೆಸ್ಟ್ ಏರಿಯಾದಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದಾಗ, ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ, "ಅವಳನ್ನ ಕೇಳಬೇಡ ಕಣೇ," ಅಂದಳು. "ನಾವು ಆರಾರು ತಿಂಗಳಿಗೆ ಓಡಾಡಿಕೊಂಡಿರ್ತೀವಿ. ಏನೀಗ?"

ಏನೀಗ ಅಂದರೆ! ಅಪ್ಪನ ತಟ್ಟೆಯಲ್ಲಿ ಚಮಚ ಗಡಗಡ ಅಂತ ಸದ್ದು ಮಾಡುತ್ತಿತ್ತು. ಮುಂದಿನ ಸಲ ಬಿದ್ದರೆ ಯಾರನ್ನ ಕರೀತೀಯ ಅಂತ ನಾನು ರೇಗಿದೆ. ಅಮ್ಮ ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಆ ಸಿಮೆಂಟಿನ ಬೆಂಚಿನ ಮೇಲೆ ಕೂತು ಹೇಳಿದಳು. ಅವತ್ತು ಶಾಸ್ತ್ರದಲ್ಲಿ ಪುರೋಹಿತರು ಚಿಕ್ಕಮ್ಮನನ್ನು, ಕೊಟ್ಟೆಯಾ ತಾಯಿ ಅಂತ ಕೇಳಿದರಂತೆ. ಚಿಕ್ಕಮ್ಮ ಬಾಯಿ ಬಿಡಲಿಲ್ಲವಂತೆ. ಮತ್ತೆ ಕೇಳಿದರು, ಆಗಲೂ ಇಲ್ಲ. ಮಗುವನ್ನು ಮಡಿಲಿಗೆ ಹಾಕಿದಳು, ಅಜ್ಜಿ ಆಯ್ತು ಆಯ್ತು ಅಂತ ಅವಸರ ಮಾಡಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಆಮೇಲೂ ಯಾರಾದರೂ ವಿಚಾರಿಸಿದರೆ ಚಿಕ್ಕಮ್ಮ ಹೇಳುತ್ತಿದ್ದದ್ದು ಒಂದೇ, ಮಗಳು ಅಕ್ಕನ ಮನೇಲಿ ಬೆಳೀತಿದ್ದಾಳೆ ಅಂತ. ಕೊಟ್ಟಿದ್ದೀನಿ ಅಂತ ಒಂದು ದಿನವೂ ಅಂದವಳಲ್ಲ.

"ರಜಕ್ಕೆ ಕಳಿಸು ಅಂತ ಅವಳು ಕೇಳಿದಾಗಲೆಲ್ಲ ನಿನಗೆ ಕೆಮ್ಮು ಅಂತ ಸುಳ್ಳು ಹೇಳ್ತಿದ್ದೆ," ಅಂದಳು ಅಮ್ಮ. "ಹೋದರೆ ಎಲ್ಲಿ ಇಟ್ಟುಕೊಂಡುಬಿಡ್ತಾಳೋ ಅಂತ."

ನಾನು ಸಣ್ಣವಳಿದ್ದಾಗ ತುಂಬಾ ರೋಗಿಷ್ಠೆ ಅಂತ ಇಷ್ಟು ದಿನ ನಂಬಿಕೊಂಡಿದ್ದೆ. ನಗು ಬಂತು, ಆಮೇಲೆ ವಿಷಯ ಅರ್ಥವಾಯಿತು. ಅಮ್ಮನಿಗೆ ಗ್ರೀನ್ ಕಾರ್ಡ್ ಸಿಗುತ್ತೋ ಇಲ್ಲವೋ ಅನ್ನೋ ಚಿಂತೆಯೇ ಇರಲಿಲ್ಲ. ತಂಗಿ ಇನ್ನೊಬ್ಬರ ಮುಂದೆ, ನಾನು ಕೊಡಲಿಲ್ಲ, ಬಿಟ್ಟಿದ್ದೆ ಅಷ್ಟೇ ಅಂದುಬಿಟ್ಟರೆ? ಈ ವಯಸ್ಸಿನಲ್ಲಿ ಅದನ್ನು ಕೇಳಿಸಿಕೊಳ್ಳುವ ಬದಲು ಮೈಸೂರಿನ ಬಚ್ಚಲಮನೆಯೇ ವಾಸಿ ಅಂದುಕೊಂಡಿದ್ದಳು. ಒಂದು ಕ್ಷಣ ನನಗೂ ಕಾರು ತಿರುಗಿಸಿಬಿಡೋಣ ಅನ್ನಿಸಿತು. ಆದರೆ ತಿರುಗಿಸಿಕೊಂಡು ಹೋಗಿ ಮಾಡೋದೇನು? ಡಬ್ಬಿ ಮುಚ್ಚಿ, ಅಪ್ಪನ ತೋಳು ಹಿಡಿದು ಎಬ್ಬಿಸಿ, ಮುಂದಕ್ಕೇ ಹೊರಟೆ.

ಪ್ಲೇನ್‌ಫೀಲ್ಡ್‌ನ ಆ ಬಡಾವಣೆಯಲ್ಲಿ ಎಲ್ಲ ಮನೆಯೂ ಒಂದೇ ಥರ, ನಾನು ಪ್ರತಿ ಸಲವೂ ಪಕ್ಕದ ಮನೆಯ ಡ್ರೈವ್‌ವೇಗೇ ನುಗ್ಗುತ್ತೇನೆ. ತಮ್ಮ ಹೊರಗೆ ಬಂದು ಕೈಬೀಸಿ ಕರೆದ. ಅವನ ಮಕ್ಕಳು ಹಾಯ್ ಅಂತ ಹೇಳಿ ಮಹಡಿ ಹತ್ತಿದರು. ಚಿಕ್ಕಮ್ಮ ಒಲೆ ಮುಂದೆ ಚಪಾತಿ ಬೇಯಿಸುತ್ತಿದ್ದಳು. ಊಟ ಆಗುವವರೆಗೂ ನಾನು ತಡೆದುಕೊಂಡೆ, ಅದೇ ನನಗೆ ಹೆಚ್ಚು. ಆಮೇಲೆ ವಿಷಯ ಹೇಳಿದೆ. ಶಾಸ್ತ್ರದ ದಿನ ಏನಾಯ್ತು ಅಂತ ವಕೀಲೆ ಕೇಳ್ತಾರೆ, ಇದ್ದದ್ದನ್ನ ಇದ್ದ ಹಾಗೆ ಹೇಳಬೇಕು, ನಾನು ಹೇಳಿಕೊಡೋ ಹಾಗಿಲ್ಲ ಅಂದೆ. ತಮ್ಮ ಪ್ರಾಮಾಣಿಕ, ಮುಂದಿನದನ್ನೂ ಅವನೇ ಬಿಡಿಸಿ ಹೇಳಿದ. ದತ್ತು ಅಂತ ಕಾನೂನು ಒಪ್ಪಿಕೊಂಡರೆ, ಆ ಕಾನೂನಿನ ಕಣ್ಣಿಗೆ ಅಕ್ಕ ಇನ್ನು ನಿನ್ನ ಮಗಳಲ್ಲಮ್ಮ ಅಂದ.

ಚಿಕ್ಕಮ್ಮ ಕೈಯಲ್ಲಿದ್ದ ಬಟ್ಟೆಯಿಂದ ಟೇಬಲ್ಲನ್ನು ಒರೆಸುತ್ತಲೇ ಇದ್ದಳು. ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದಳು. ನನಗೆ ತಾಳ್ಮೆ ಕೆಟ್ಟು, ಏನು ಹೇಳ್ತೀಯ ಚಿಕ್ಕಮ್ಮ ಅಂತ ಕೇಳಿಯೇಬಿಟ್ಟೆ.

"ಯಾರಿಗೆ ಹೇಳಬೇಕೋ ಅವರಿಗೆ ಹೇಳ್ತೀನಿ," ಅಂದಳು. "ನೀನು ಕೇಳಬೇಡ."

ಅಮ್ಮ ಎದ್ದು ಮಹಡಿ ಮೇಲಿನ ರೂಮಿಗೆ ಹೋದಳು. ಅವತ್ತು ಅವಳು ರಾತ್ರಿ ಊಟಕ್ಕೂ ಕೆಳಗೆ ಬರಲಿಲ್ಲ, ತಲೆನೋವು ಅಂದಳು. ತಮ್ಮ ನನ್ನನ್ನು ಗ್ಯಾರೇಜಿಗೆ ಕರೆದು, ನಮ್ಮಮ್ಮ ಉಲ್ಟಾ ಹೇಳಿದರೆ ಅದು ದಾಖಲೆಯಾಗಿ ಉಳಿದುಬಿಡುತ್ತೆ, ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡೋಣವಾ ಅಂತ ಕೇಳಿದ. ಬೇಡ ಅಂದೆ. ಹೌದೋ ಅಲ್ಲವೋ ಎರಡರಲ್ಲೊಂದು ಗೊತ್ತಾಗಲಿ, ನಲವತ್ತು ವರ್ಷ ಹೆದರಿಕೊಂಡು ಏನು ಸಿಕ್ಕಿತು ಈ ಹೆಂಗಸರಿಗೆ ಅಂದೆ. ಮಾತು ಜೋರಾಗಿಯೇ ಇತ್ತು, ಆದರೂ ಟಿಕೆಟ್ಟಿನ ತಾರೀಖನ್ನ ಫೋನಿನಲ್ಲಿ ಮತ್ತೊಮ್ಮೆ ತೆಗೆದು ನೋಡಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ನೇಪರ್‌ವಿಲ್‌ನ ಆಫೀಸಿನಲ್ಲಿ ಮೊದಲು ಅಪ್ಪನ, ಆಮೇಲೆ ಅಮ್ಮನ ಹೇಳಿಕೆಯನ್ನು ಒಳಗಿನ ಕೋಣೆಯಲ್ಲಿ ಬೇರೆಬೇರೆಯಾಗಿ ತೆಗೆದುಕೊಂಡರು. ತಂಗಿ ಬಾಯಿ ಬಿಟ್ಟು ಹೇಳಲಿಲ್ಲ ಅನ್ನೋದನ್ನೂ ಅಮ್ಮ ಮುಚ್ಚಿಡದೆ ಹೇಳಿದಳಂತೆ. ಚಿಕ್ಕಮ್ಮನ ಸರದಿ ಬಂದಾಗ ಅವಳು ಎಲ್ಲರೂ ಒಳಗೆ ಬರಲಿ ಅಂದಳು. ನಾನಾಗಲಿ ತಮ್ಮನಾಗಲಿ ಅನುವಾದ ಮಾಡುವಂತಿರಲಿಲ್ಲ. ಸ್ಪೀಕರ್ ಫೋನಿನಲ್ಲಿ ಒಬ್ಬ ಅನುವಾದಕಿ ಇದ್ದರು, ಮಾತಿನಲ್ಲೇ ಗೊತ್ತಾಗುತ್ತಿತ್ತು, ಧಾರವಾಡದ ಕಡೆಯವರು. ಪ್ರಮಾಣ ಆಯಿತು. ವಕೀಲೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಕೇಳಿದರು.

"ಅಮ್ಮಾರ, ಆ ಕೂಸನ್ನ ನಿಮ್ಮ ಅಕ್ಕಾರಿಗೆ ಕಾಯಂ ಕೊಟ್ಟಿದ್ರೇನ್ರೀ, ಇಲ್ಲಾ ನೋಡ್ಕೋರಿ ಅಂತ ಬಿಟ್ಟಿದ್ರೇನ್ರೀ?" ಅಂತು ಫೋನು.

ಅಮ್ಮ ನೆಲ ನೋಡುತ್ತಿದ್ದಳು.

"ಕೊಟ್ಟೆ," ಅಂದಳು ಚಿಕ್ಕಮ್ಮ.

ಆಮೇಲೆ ಅವಳು ಯಾರೂ ಕೇಳದಿದ್ದರೂ ಹೇಳುತ್ತಾ ಹೋದಳು, ಅನುವಾದಕಿ ತಡೆದು ತಡೆದು ಇಂಗ್ಲಿಷಿಗೆ ಹಾಕುತ್ತಾ ಬಂದರು. ಪುರೋಹಿತರು ಕೇಳಿದಾಗ ಮಾತು ಹೊರಡಲಿಲ್ಲ. ಆದರೆ ಮಗುವನ್ನು ಯಾರೂ ತನ್ನಿಂದ ಕಿತ್ತುಕೊಳ್ಳಲಿಲ್ಲ, ತಾನೇ ಕೈಯಾರೆ ಅಕ್ಕನ ಮಡಿಲಿಗೆ ಹಾಕಿದ್ದು. ಗಂಡನಿಗೂ ಒಪ್ಪಿಗೆಯಿತ್ತು. ಇನ್ನು ಇವಳು ಅಕ್ಕನ ಮಗಳು ಅಂತ ಮನಸ್ಸಿನಲ್ಲಿ ಅಂದುಕೊಂಡೇ ಹಾಕಿದ್ದು. ಒಂದು ದಿನವೂ ವಾಪಸ್ ಕೇಳಲಿಲ್ಲ.

ಮತ್ತೆ ಜನರ ಮುಂದೆ, ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಾಳೆ ಅಂತ ಯಾಕೆ ಹೇಳುತ್ತಿದ್ದಿರಿ ಅಂತ ವಕೀಲೆ ಕೇಳಿದರು. ಅದು ಅಮ್ಮನ ಹೇಳಿಕೆಯಿಂದ ಬಂದ ಪ್ರಶ್ನೆ ಅಂತ ಚಿಕ್ಕಮ್ಮನಿಗೂ ಗೊತ್ತಾಗಿರಬೇಕು.

"ಮಗೂನ ಕೊಟ್ಟುಬಿಟ್ಟಿದ್ದೆ," ಅಂದಳು. "ಆ ಮಾತೊಂದನ್ನ ನನಗೆ ಅಂತ ಇಟ್ಟುಕೊಂಡಿದ್ದೆ."

ನನಗೆ ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ. ಚಿಕ್ಕಮ್ಮ ನನ್ನ ತಲೆ ಬಾಚಲು ಬಂದಾಗಲೆಲ್ಲ ನಾನು ಕೊಸರಿಕೊಂಡು ಓಡುತ್ತಿದ್ದೆ, ಅವಳು ಬಾಚಣಿಗೆ ಹಿಡಿದುಕೊಂಡು ಹಾಗೇ ಕೂತಿರುತ್ತಿದ್ದಳು. ವಕೀಲೆ ಪೆನ್ನು ಕೆಳಗಿಟ್ಟು, ಗ್ಯಾರಂಟಿ ಏನೂ ಕೊಡಲಾರೆ, ದಾರಿ ಉದ್ದ ಇದೆ, ಆದರೆ ಈಗ ನಮ್ಮ ಕೈಯಲ್ಲಿ ಒಂದು ಕೇಸ್ ಇದೆ ಅಂದರು. ಟಿಕೆಟ್ ಕ್ಯಾನ್ಸಲ್ ಮಾಡಬಹುದಾ ಅಂತ ನಾನು ಕೇಳಿದೆ. ಇವರು ಇಲ್ಲೇ ಇದ್ದು ಅರ್ಜಿ ಹಾಕಬಹುದು, ಮೈಸೂರಿನ ಕೆಲಸ ಅಲ್ಲಿನ ವಕೀಲರು ನೋಡಿಕೊಳ್ಳುತ್ತಾರೆ, ಮಾಡಿ ಅಂದರು.

ಅಮ್ಮ ಇನ್ನೂ ತಲೆ ಎತ್ತಿರಲಿಲ್ಲ. ಚಿಕ್ಕಮ್ಮ ತನ್ನ ಕುರ್ಚಿಯನ್ನು ಎಳೆದುಕೊಂಡು ಅವಳ ಪಕ್ಕಕ್ಕೆ ಹೋಗಿ ಕೂತಳು. "ಅಕ್ಕಾ," ಅಂದಳು. "ಇನ್ನಾದರೂ ನನಗೆ ಹೆದರಿಕೊಳ್ಳೋದು ಬಿಡೇ."

ಅಮ್ಮ ತಂಗಿಯ ಹೆಗಲ ಮೇಲೆ ಮುಖವಿಟ್ಟು ಜೋರಾಗಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಫೋನು ಮೆತ್ತಗೆ ಕೇಳಿತು.

"ಈಗ ಅವರು ಅಂದದ್ದನ್ನೂ ಇಂಗ್ಲಿಷಿನ್ಯಾಗ ಹೇಳಬೇಕೇನ್ರೀ?"

"ಹೇಳಿ," ಅಂದೆ ನಾನು. "ಅದನ್ನೂ ಬರೆದುಕೊಳ್ಳಲಿ."