ನಾಲ್ಕರ ಗಾಡಿ

ದಸರೆಗೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಚಪ್ಪಲಿ ಕಪಾಟಿನ ಕೆಳಗಿನ ಖಾನೆಯಲ್ಲಿ ನಮ್ಮ ಮನೆಯವರ ಹಳೆಯ ಕೊಲ್ಹಾಪುರಿ ಜೋಡು ಸಿಕ್ಕಿತು. ಹಿಮ್ಮಡಿಯ ಹೊರಬದಿ ಸವೆದು ಓರೆಯಾಗಿತ್ತು, ಎಡಗಾಲಿನದು ಒಂದಿಷ್ಟು ಹೆಚ್ಚು. ಕೆಲಸದಾಕೆ ಇವು ಯಾರವು, ಎಸೆಯಲೇ ಎಂದು ಮರಾಠಿಯಲ್ಲಿ ಕೇಳಿದಳು. ಯಾರವು ಅಂತ ನನ್ನನ್ನು ಕೇಳಬೇಕೆ? ದೇವಸ್ಥಾನದ ಮುಂದೆ ಬಿಟ್ಟ ನೂರಾರು ಜೋಡುಗಳ ನಡುವೆ ಇಟ್ಟರೂ ಹಿಂದಿನಿಂದ ನೋಡಿ ಗುರುತು ಹಿಡಿದೇನು. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದು ನಲವತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಈ ಊರಿನಲ್ಲಿ ನಾನು ನಡೆದದ್ದು ಆ ಹಿಮ್ಮಡಿಗಳ ಬೆನ್ನು ಹತ್ತಿ.

ಹೆಂಡತಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯುವ ಗಂಡಂದಿರನ್ನು ನೀವೂ ನೋಡಿರುತ್ತೀರಿ. ನಿಮ್ಮ ಮನೆಯಲ್ಲೇ ಒಬ್ಬರು ಇರಬಹುದು. ಇದ್ದರೆ ಈ ಬರಹವನ್ನು ಅವರಿಗೆ ಕಾಣದಂತೆ ಇಟ್ಟುಕೊಳ್ಳಿ. ನಮ್ಮವರದು ಸೊಕ್ಕಲ್ಲ, ಸಿಟ್ಟೂ ಅಲ್ಲ. ಹರೆಯದಲ್ಲಿ ಪಿಂಪ್ರಿ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ, ಕಂಪನಿ ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ. ಆ ಬಸ್ಸು ಅವರ ಕಾಲಿನೊಳಗೆ ಹೊಕ್ಕಿತು. ನಿವೃತ್ತಿಯಾದ ಮೇಲೂ ಇಳಿಯಲಿಲ್ಲ. ಹೂ ತರಲು ಹೋದರೂ ಬಸ್ಸು ಬಿಟ್ಟುಹೋಗುತ್ತದೆ ಎಂಬಂತೆ ಹೋಗುತ್ತಿದ್ದರು.

ಹೀಗಾಗಿ ನಾನು ನನ್ನ ಗಂಡನನ್ನು ಬಲ್ಲದ್ದು ಹಿಂದಿನಿಂದ. ಯಾವ ಅಂಗಿಯ ಕಾಲರು ಎಲ್ಲಿ ಹರಿದಿದೆ, ತಲೆಯ ಹಿಂಭಾಗದಲ್ಲಿ ಕೂದಲು ಯಾವ ವರ್ಷ ಉದುರತೊಡಗಿತು, ಎಲ್ಲ ನನಗೆ ಗೊತ್ತು. ಒಮ್ಮೆ ಮಂಡೈ ಮಾರುಕಟ್ಟೆಯ ಕಾಯಿಪಲ್ಲೆ ಸಾಲಿನಲ್ಲಿ ನಿಂತು, ಬದನೆಕಾಯಿ ಎಳೆಯವಿದ್ದಾವೆ, ಎಣ್ಣಗಾಯಿ ಮಾಡು ಎಂದು ತಮ್ಮ ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿದರು. ಆಕೆ ಯಾರೋ ಮರಾಠಿಯಾಕೆ. ನಾನು ಇನ್ನೂ ಕೊತ್ತಂಬರಿಯವನ ಹತ್ತಿರವಿದ್ದೆ. ಆಕೆ ಕನ್ನಡ ತಿಳಿಯದೆ ಎರಡು ಬದನೆಕಾಯಿ ಎತ್ತಿ ಅವರ ಕೈಗಿಟ್ಟಳು.

ಜೇಜುರಿಯ ಕತೆಯಂತೂ ನಮ್ಮ ಎರಡೂ ಕಡೆಯ ನೆಂಟರಿಗೆ ಬಾಯಿಪಾಠ. ಮದುವೆಯಾದ ಹೊಸತರಲ್ಲಿ ಖಂಡೋಬನ ದರ್ಶನಕ್ಕೆ ಹೋಗಿದ್ದೆವು. ಅಲ್ಲಿ ಹೊಸ ಮದುಮಗ ಹೆಂಡತಿಯನ್ನು ಎತ್ತಿಕೊಂಡು ನಾಲ್ಕಾರು ಮೆಟ್ಟಿಲಾದರೂ ಹತ್ತಬೇಕೆಂಬ ರೂಢಿಯಿದೆ. ನನ್ನ ಎಡಕ್ಕೊಬ್ಬ, ಬಲಕ್ಕೊಬ್ಬ ತಂತಮ್ಮ ಹೆಂಡಿರನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಹತ್ತುತ್ತಿದ್ದರು. ನನ್ನವರು ಎಲ್ಲಿ ಅಂತ ತಲೆಯೆತ್ತಿ ನೋಡಿದರೆ ಮೇಲಿನ ದೀಪಮಾಲೆ ಕಂಬದ ಹತ್ತಿರ ಬಿಳಿ ಅಂಗಿ ಕಂಡಿತು. ನಾನು ಅರ್ಧ ಹತ್ತುವಷ್ಟರಲ್ಲಿ ಮೈತುಂಬ ಭಂಡಾರದ ಅರಿಸಿನ ಹಚ್ಚಿಕೊಂಡು ಅವರು ಇಳಿದು ಬಂದರು.

“ದರ್ಶನ ಭಾಳ ಛಲೋ ಆತು. ನೀ ಲಗೂನ ಹೋಗಿ ಬಾ, ನಾ ಕೆಳಗ ಚಹಾ ಕುಡೀತಿರ್ತೀನಿ” ಎಂದರು.

ಖಂಡೋಬನ ಮುಂದೆ ನಾನೊಬ್ಬಳೇ ನಿಂತು ಏನು ಬೇಡಿಕೊಂಡೆನೆಂದು ಈಗ ಹೇಳಬಾರದು.

ಮುಂದೆ ನನ್ನ ಮೊಣಕಾಲು ಕೈಕೊಟ್ಟವು. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಿದ್ದೆ. ಗೇಟಿನ ತನಕ ಹೋದರೆ ತಿರುಗಿ ಬರುವ ಚಿಂತೆ. ಎರಡು ವರ್ಷ ಸಂಜೆಯ ತಿರುಗಾಟ ನಿಂತೇಹೋಯಿತು. ಅವರು ಒಬ್ಬರೇ ಸೊಸಾಯಿಟಿಯ ಹಿಂದಿನ ತೋಟಕ್ಕೆ ಹೋಗಿ ಬಂದು ಅಲ್ಲಿಯ ಸುದ್ದಿ ಹೇಳುತ್ತಿದ್ದರು. ಸುದ್ದಿಯೂ ಅವಸರದ್ದೇ. ಯಾರಿಗೋ ಮೊಮ್ಮಗ ಹುಟ್ಟಿದ್ದಾನೆ ಅನ್ನುವರು. ಯಾರಿಗೆ ಎಂದರೆ ಕೇಳಲಿಲ್ಲ ಅನ್ನುವರು. ಮನೆಯಲ್ಲಿ ಕೂತು ನನಗೆ ಸಾಕುಸಾಕಾಗಿತ್ತು. ಇಪ್ಪತ್ತು ಹೆಜ್ಜೆ ಹಿಂದೆ ನಡೆಯುವುದೂ ಒಂದು ಸುಖವಾಗಿತ್ತು ಎಂದು ಆಗ ತಿಳಿಯಿತು.

ನಮ್ಮ ಜೊತೆಗಿದ್ದು ಮಗರಪಟ್ಟಾದ ಕಚೇರಿಗೆ ಹೋಗಿಬರುವ ನನ್ನ ತಂಗಿಯ ಮಗಳು ಶಾಂಭವಿಯೇ ಗಾಡಿಯ ಮಾತು ತೆಗೆದಳು. ಕುರ್ಚಿಗೆ ಗಾಲಿ, ಹ್ಯಾಂಡಲ್ಲು, ಬ್ಯಾಟರಿ ಹಚ್ಚಿದಂಥ ಗಾಡಿ, ಮುದುಕರು ಕೂತು ಓಡಾಡುವಂಥದ್ದು. ಮುದುಕರು ಎಂಬ ಮಾತು ಬಾಯಿಂದ ಬಿದ್ದ ಮೇಲೆ ಆಕೆ ನಾಲಿಗೆ ಕಚ್ಚಿಕೊಂಡಳು. ನಾನು ಕೇಳಿಸದವಳಂತೆ ಇದ್ದೆ, ಏಕೆಂದರೆ ಗಾಡಿ ಬೇಕಾಗಿತ್ತು.

ಹಡಪಸರದ ಗಾಡಿ ಅಂಗಡಿಯವರು ನರೆಮೀಸೆಯ ನಿಧಾನದ ಮನುಷ್ಯ. ಸ್ಪೀಡ್ ಎಷ್ಟು ಬೇಕು ಎಂಬುದೇ ಅವರ ಮೊದಲ ಪ್ರಶ್ನೆ. ನಾನು ಬಣ್ಣ ಕೇಳುತ್ತಾರೆ ಅಂದುಕೊಂಡಿದ್ದೆ. ತಾಸಿಗೆ ನಾಲ್ಕು ಕಿಲೋಮೀಟರ್ ಹೋಗುವುದು ಚಿಕ್ಕ ಗಾಡಿ, ಲಿಫ್ಟಿನಲ್ಲಿ ಹಿಡಿಯುತ್ತದೆ, ಮನೆಯೊಳಗೂ ತಿರುಗುತ್ತದೆ. ಆರು ಎಂದರೆ ಗಟ್ಟಿಮುಟ್ಟಾದವರ ಬಿರುಸಿನ ನಡಿಗೆ. ಎಂಟರದಕ್ಕೆ ಗಾಲಿ ದೊಡ್ಡವು, ಗಾಡಿಯೂ ಭಾರ, ತಿರುಗಿಸಲು ಜಾಗ ಬೇಕು; ಆ ವೇಗದಲ್ಲೇ ತಿರುವಿಗೆ ಹೊರಳಿಸಿದರೆ ಮಗುಚುವ ಭಯ. ಯಾವುದೇ ಇರಲಿ, ಹಿಡಿಕೆಯ ಹತ್ತಿರ ಆಮೆ, ಮೊಲದ ಚಿತ್ರ ಬರೆದ ಒಂದು ಗುಂಡಿ. ಆಮೆಯ ಕಡೆ ತಿರುವಿದಷ್ಟೂ ನಿಧಾನ. ಹಿಡಿಕೆಯ ಕೆಳಗಿನ ಚಿಕ್ಕ ಸನ್ನೆಕೋಲು ಒತ್ತಿದರೆ ಹೋಗುತ್ತದೆ, ಕೈಬಿಟ್ಟರೆ ತಾನೇ ನಿಲ್ಲುತ್ತದೆ. ಇಷ್ಟೆಲ್ಲ ತಿಳಿಸಿ, ಆಜಿ, ನಿಮ್ಮ ಜೊತೆಗೆ ನಡೆಯುವವರು ಯಾರೋ ಅವರ ನಡಿಗೆ ನೋಡಿ ಗಾಡಿ ತೆಗೆದುಕೊಳ್ಳಿ ಎಂದರು. ಜೊತೆಯವರನ್ನು ಬಿಟ್ಟು ಓಡುವ ಗಾಡಿ ಒಂದು ತಿಂಗಳಿಗೆ ಮೂಲೆಗೆ ಬೀಳುತ್ತದಂತೆ, ಅವರು ಎಷ್ಟೋ ಮನೆಗಳಲ್ಲಿ ನೋಡಿದ್ದಾರಂತೆ.

ನಮ್ಮವರು ನಡುವೆ ಬಾಯಿ ಹಾಕಿದರು. “ಆಕಿಗೆ ನಾಲ್ಕರದು ಸಾಕ್ರಿ. ಆಕೀ ಏನು ಶರ್ಯತ್ತಿಗೆ ಹೊಂಟಾಳೇನು?”

ಅಂಗಡಿಯವರಿಗೆ ಕನ್ನಡ ತಿಳಿಯದೆಂಬುದನ್ನೂ ಮರೆತಿದ್ದರು. ನಾನು ಕೇಳಿದೆ, “ನೀವು ಎಷ್ಟರಾಗ ನಡೀತೀರಿ?”

“ಆರಕ್ಕಂತೂ ಕಡಿಮಿ ಇಲ್ಲ.”

“ಹಂಗಾದ್ರ ನನಗ ಎಂಟರದು ಕೊಡಸ್ರಿ.”

ಹೌದು, ಒಪ್ಪಿಕೊಳ್ಳುತ್ತೇನೆ. ಅವರನ್ನು ಒಮ್ಮೆ, ಒಂದೇ ಒಂದು ಸಲ ಹಿಂದೆ ಹಾಕಬೇಕಾಗಿತ್ತು. ಆಮೇಲೆ ಗಾಡಿ ನಿಧಾನ ಮಾಡಿ ಅವರ ಪಕ್ಕದಲ್ಲಿ, ತೋಳಿಗೆ ತೋಳು ಸಮವಾಗಿ ತೋಟದ ತನಕ ಹೋಗಬೇಕಾಗಿತ್ತು. ಗಂಡನ ಜೊತೆ ನಡೆಯಬೇಕು ಎಂದು ಅಂಗಡಿಯಲ್ಲಿ ಹೇಳಲು ಈ ವಯಸ್ಸಿನಲ್ಲಿ ನಾಚಿಕೆಯಾಯಿತು. ಅದಕ್ಕೇ ಎಂಟು ಅಂದೆ.

ಇಬ್ಬರ ಹಟ ಬಗೆಹರಿಯದೆ ಶಾಂಭವಿಯೇ ದಾರಿ ಹುಡುಕಿದಳು. ಅಂಗಡಿಯವರು ಭಾನುವಾರ ಎಂಟರ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ನಮ್ಮ ಸೊಸಾಯಿಟಿಗೇ ಬರುವುದು. ಆಕೆಯ ಕಾಕಾ, ಅಂದರೆ ನಮ್ಮವರು, ಆಕೆಯ ಫೋನನ್ನು ಕಿಸೆಯಲ್ಲಿ ಇಟ್ಟುಕೊಂಡು ಎಂದಿನಂತೆ ನಡೆಯುವುದು. ಎಷ್ಟರಲ್ಲಿ ನಡೆದರೆಂದು ಫೋನು ತೋರಿಸುತ್ತದೆ. ಫುಟ್‌ಪಾತಿನ ಮೇಲೆ ನೋಡೋಣವೆಂದರೆ ಪುಣೆಯ ಫುಟ್‌ಪಾತು ನಡೆಯುವವರಿಗೆ ಯಾವಾಗ ಖಾಲಿ ಸಿಕ್ಕಿದೆ? ಅದಕ್ಕೆ ಸೊಸಾಯಿಟಿಯ ಒಳರಸ್ತೆಯೇ ನಿಶ್ಚಯವಾಯಿತು. ನಮ್ಮವರು ಅಂದು ಇಸ್ತ್ರಿ ಅಂಗಿ ಹಾಕಿದ್ದರು.

ಅವರು ಹೊರಟರು. ನಾನು ಗುಂಡಿಯನ್ನು ನಡುವಿಗಿಟ್ಟು ಸನ್ನೆ ಒತ್ತಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಆ ಬೆನ್ನು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ಹಿಂದಾಯಿತು. ಮೊಲದ ಕಡೆಗೆ ಗುಂಡಿ ತಿರುವುವ ಕೆಲಸವೇ ಬರಲಿಲ್ಲ. ಇಷ್ಟು ಸುಲಭವಾಗಿ ಗೆದ್ದದ್ದು ನನಗೇ ಸರಿ ಕಾಣಲಿಲ್ಲ. ಕೊನೆಯ ಕಟ್ಟಡದ ಹತ್ತಿರ ಕೈಬಿಟ್ಟು ನಿಲ್ಲಿಸಿ, ನಿಧಾನವಾಗಿ ಗಾಡಿ ತಿರುಗಿಸಿ ನೋಡಿದೆ.

ನಡೆಯುತ್ತಿರುವ ನನ್ನ ಗಂಡನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಬಾಯಿ ತೆರೆದಿತ್ತು. ಒಂದು ಕೈ ಸೊಂಟದ ಮೇಲಿತ್ತು. ನೋಟಿಸ್ ಬೋರ್ಡಿನ ಹತ್ತಿರ ನಿಂತು, ತಾವೇ ಓದಿ ಮುಗಿಸಿದ್ದ ಹಳೆಯ ನೀರಿನ ನೋಟಿಸನ್ನು ಇನ್ನೊಮ್ಮೆ ಓದಿದರು. ಮತ್ತೆ ನಡೆದರು. ಮತ್ತೆ ಒಂದು ಕಾರಿನ ನಂಬರು ನೋಡುತ್ತ ನಿಂತರು. ನಡೆದಾಗಲೂ ಹೆಜ್ಜೆ ಕಿತ್ತಿಡುವುದಕ್ಕಿಂತ ಎಳೆಯುವುದೇ ಹೆಚ್ಚಾಗಿತ್ತು. ನನ್ನ ಕಾಲು ಸೋಲುತ್ತ ಬಂದ ಹಾಗೆ ಅವರ ಕಾಲೂ ಸೋಲುತ್ತ ಬಂದಿದ್ದವು. ಇಬ್ಬರೂ ಕೂಡಿಯೇ ನಿಧಾನವಾಗಿದ್ದೆವು. ನಡುವಿನ ಇಪ್ಪತ್ತು ಹೆಜ್ಜೆ ಹಾಗೆಯೇ ಉಳಿದದ್ದರಿಂದ ಅವರು ಇನ್ನೂ ಕಂಪನಿ ಬಸ್ಸು ಹಿಡಿಯುವ ಮನುಷ್ಯ ಅಂತಲೇ ನಾನು ನಂಬಿದ್ದೆ. ಬಹುಶಃ ಅವರೂ ನಂಬಿದ್ದರು.

ಬಂದವರೇ ಫೋನನ್ನು ಶಾಂಭವಿಯ ಕೈಗೆ ಕೊಟ್ಟು, ಪರೀಕ್ಷೆ ಬರೆದು ಬಂದವರ ಹಾಗೆ ನಿಂತರು. ಆಕೆ ನೋಡಿದಳು, ಹುಬ್ಬು ಗಂಟಿಕ್ಕಿದಳು, ಬಾಯಿ ತೆರೆದಳು. ನಾನು ಕೈ ಚಾಚಿ ಫೋನು ಇಸಿದುಕೊಂಡೆ. ಮೂರೂ ತುಂಬಿರಲಿಲ್ಲ.

“ಎಷ್ಟು ಬಂತು?” ಎಂದರು ನಮ್ಮವರು.

“ಆರು ಅದ ರೀ” ಎಂದೆ.

ಶಾಂಭವಿ ನನ್ನ ಮುಖ ನೋಡಿದಳು. ಜಾಣೆ, ಆರೇ ಎಂಬಂತೆ ತಲೆಯಾಡಿಸಿದಳು. ನಾನು ಅಂಗಡಿಯವರಿಗೆ ಮರಾಠಿಯಲ್ಲಿ, ಈ ಗಾಡಿ ಓಡಿಸಲು ಎದೆ ಹೊಡೆದುಕೊಳ್ಳುತ್ತದೆ, ನಾಲ್ಕರದೇ ಕಳಿಸಿ ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಬೆವರು ಒರೆಸಿಕೊಳ್ಳುತ್ತಿದ್ದ ನಮ್ಮವರನ್ನು ನೋಡಿ, ಸರಿ ಆಜಿ ಎಂದರು. ನಮ್ಮವರ ಗೆಲುವಂತೂ ರಾತ್ರಿ ಊಟದ ತನಕ ಇಳಿಯಲಿಲ್ಲ. ಮೊದಲೇ ಹೇಳಿದ್ದೆ, ಆದರೆ ನನ್ನ ಮಾತು ಯಾರು ಕೇಳುತ್ತಾರೆ ಎಂದು ರೊಟ್ಟಿಗೊಮ್ಮೆ ಅನ್ನುತ್ತಿದ್ದರು.

ಈಗ ದಿನಾ ಸಂಜೆ ಇಬ್ಬರೂ ತೋಟಕ್ಕೆ ಹೋಗುತ್ತೇವೆ. ಸಿಕ್ಕವರಿಗೆಲ್ಲ ಅವರು, ಈಕೆಯ ಗಾಡಿ ಓಡುವುದೇ ಇಷ್ಟು, ನಾನೂ ನಡಿಗೆ ಕಡಿಮೆ ಮಾಡಿಕೊಂಡಿದ್ದೇನೆ, ಏನು ಮಾಡುವುದು ಎಂದು ಹೇಳುತ್ತಾರೆ. ನಾನು ಅಪರಾಧಿಯಂತೆ ಗೋಣು ಹಾಕುತ್ತೇನೆ. ನಡೆಯುತ್ತ ಅವರು ಇಷ್ಟೊಂದು ಮಾತಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಆ ಗುಲ್‌ಮೊಹರಕ್ಕೆ ಈ ವರ್ಷ ಹೂ ಕಡಿಮೆ, ಈ ನಾಯಿಗೆ ಕಿವಿ ಕೇಳಿಸುವುದಿಲ್ಲ, ಕಾರ್ಖಾನೆಯಲ್ಲಿ ಒಮ್ಮೆ ಹೀಗಾಗಿತ್ತು. ಈ ಮಾತನ್ನೆಲ್ಲ ಅವರು ಇಷ್ಟು ವರ್ಷ ಗಾಳಿಗೇ ಹೇಳುತ್ತ ಮುಂದೆ ಹೋದರೋ ಏನೋ, ನಾನಂತೂ ಕೇಳಿಸಿಕೊಳ್ಳಲಾರದಷ್ಟು ಹಿಂದಿದ್ದೆ.

ನಿನ್ನೆ ತೋಟದ ತಿರುವಿನಲ್ಲಿ ಮಾತು ನಡುವೆ ನಿಂತಿತು. ನೋಡಿದರೆ ಅವರು ಎರಡು ಹೆಜ್ಜೆ ಹಿಂದಿದ್ದರು.

“ಇಷ್ಟು ಅವಸರ ಯಾಕ? ಸ್ವಲ್ಪ ಸಾವಕಾಶ ಹೋಗೂಣು” ಎಂದರು.

ಇದೇ ಮಾತನ್ನು ಈ ಊರಿನ ಎಷ್ಟು ರಸ್ತೆಗಳಲ್ಲಿ, ಎಷ್ಟು ಮೆಟ್ಟಿಲುಗಳ ಮೇಲೆ ನಾನು ಅವರ ಬೆನ್ನಿಗೆ ಹೇಳಿದ್ದೆನೋ ಲೆಕ್ಕವಿಲ್ಲ. ತಿರುಗಿಸಿ ಕೊಡಲು ನಲವತ್ತೆರಡು ವರ್ಷದ ಉತ್ತರಗಳು ನನ್ನ ನಾಲಿಗೆಯ ತುದಿಯಲ್ಲೇ ಇದ್ದವು, ಒಂದಕ್ಕಿಂತ ಒಂದು ಖಾರವಾದವು. ಅವರು ಗಾಡಿಯ ಬೆನ್ನಿಗೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ಗುಂಡಿಯನ್ನು ಆಮೆಯ ಕಡೆಗೆ ಇನ್ನೊಂದು ಗೀಟು ತಿರುವಿದೆ.